ಬೇಲಿಯೂ ಬೇಕು, ಕಾಯಿಯೂ ಬೇಕು: ಆಲಿವ್ ಮರ ಸವರುವುದರ ಹಿಂದಿನ ವಿಜ್ಞಾನ

ಮಕ್ಕಳೇ, ಶಾಲೆಯ ಅಂಗಳದಲ್ಲೋ ಊರಿನ ಯಾವುದಾದರೂ ಕಚೇರಿಯ ಮುಂದೆಯೋ ನೀವು ದಾಸವಾಳದ ಬೇಲಿಯನ್ನು ನೋಡಿರುತ್ತೀರಿ. ಮಾಲಿ ದೊಡ್ಡ ಕತ್ತರಿ ಹಿಡಿದು ಅದರ ತಲೆಯನ್ನು ಸಮನಾಗಿ ಕತ್ತರಿಸುತ್ತಾರೆ. ಕೆಲವೇ ವಾರಗಳಲ್ಲಿ ಅದು ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ. ಆದರೆ ಒಂದು ಸಂಗತಿಯನ್ನು ಗಮನಿಸಿದ್ದೀರಾ? ಪದೇ ಪದೇ ಕತ್ತರಿಸುವ ಬೇಲಿಯಲ್ಲಿ ಎಲೆ ಹೆಚ್ಚು, ಹೂ ಕಡಿಮೆ. ಅದೇ ದಾಸವಾಳ ಹಿತ್ತಲಲ್ಲಿ ತನ್ನಷ್ಟಕ್ಕೆ ತಾನು ಬೆಳೆದಿದ್ದರೆ ಮೈತುಂಬ ಹೂ ಬಿಟ್ಟಿರುತ್ತದೆ.

ಇನ್ನೊಂದು ಕಡೆ, ಮಲ್ಲಿಗೆ ಬೆಳೆಯುವವರನ್ನು ಕೇಳಿ ನೋಡಿ. "ಗಿಡ ಸವರದಿದ್ದರೆ ಹೂವೇ ಬಿಡುವುದಿಲ್ಲ" ಎನ್ನುತ್ತಾರೆ. ಹಾಗಾದರೆ ಕತ್ತರಿಸಿದರೆ ಹೂ ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ? ಎರಡೂ ನಿಜವೇ. ಯಾವ ರೆಂಬೆಯನ್ನು ಕತ್ತರಿಸುತ್ತೇವೆ, ಯಾವಾಗ ಕತ್ತರಿಸುತ್ತೇವೆ, ಏತಕ್ಕಾಗಿ ಕತ್ತರಿಸುತ್ತೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಇದನ್ನು ಚೆನ್ನಾಗಿ ತಿಳಿಯಲು ಆಲಿವ್ ಮರ ಒಳ್ಳೆಯ ಉದಾಹರಣೆ. ಜನರು ಅದನ್ನು ಎಣ್ಣೆಯ ಕಾಯಿಗಾಗಿಯೂ ಬೆಳೆಸುತ್ತಾರೆ, ಗಾಳಿ ಮತ್ತು ದೂಳು ತಡೆಯುವ ಹಸಿರು ಬೇಲಿಯಾಗಿಯೂ ಬೆಳೆಸುತ್ತಾರೆ. ಈ ಎರಡು ಕೆಲಸಗಳಿಗೆ ಮರವನ್ನು ಸವರುವ ರೀತಿ ಮಾತ್ರ ಬೇರೆ ಬೇರೆ.

ಮಲ್ಲಿಗೆಯ ನೆಂಟ

ಆಲಿವ್ ಎಂದರೆ ನಮಗೆ ಸಂಬಂಧವೇ ಇಲ್ಲದ ಮರ ಎಂದುಕೊಳ್ಳಬೇಡಿ. ಸಸ್ಯಶಾಸ್ತ್ರಜ್ಞರು ಅದನ್ನು ಓಲಿಯೇಸಿ ಎಂಬ ಕುಟುಂಬಕ್ಕೆ ಸೇರಿಸಿದ್ದಾರೆ. ನಮ್ಮ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆಗಳು ಇದೇ ಕುಟುಂಬದವು. ಪಾರಿಜಾತವೂ ಇದೇ ಕುಟುಂಬಕ್ಕೆ ಸೇರಿದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಆಲಿವ್ ಕುಲಕ್ಕೇ ಸೇರಿದ ಕಾಡುಮರಗಳೂ ಇವೆ.

ಎಣ್ಣೆ ಕೊಡುವ ಆಲಿವ್ ಮರದ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳು. ಸ್ಪೇನ್, ಇಟಲಿ, ಗ್ರೀಸ್, ಟರ್ಕಿ, ಟುನೀಸಿಯಾ ಮುಂತಾದ ಕಡೆ ಇದು ಮುಖ್ಯ ಬೆಳೆ. ಅಲ್ಲಿ ಮಳೆ ಬರುವುದು ಹೆಚ್ಚಾಗಿ ಚಳಿಗಾಲದಲ್ಲಿ. ಬೇಸಿಗೆ ಒಣ ಬೇಸಿಗೆ. ಸ್ಪೇನಿನ ಹಾಯೆನ್ ಎಂಬ ಒಂದೇ ಪ್ರಾಂತದಲ್ಲಿ 6 ಕೋಟಿಗೂ ಹೆಚ್ಚು ಆಲಿವ್ ಮರಗಳಿವೆ. ಬೆಟ್ಟದ ಮೇಲೆ ನಿಂತು ನೋಡಿದರೆ ಕಣ್ಣು ಹಾಯುವಷ್ಟು ದೂರವೂ ಬೂದುಹಸಿರು ಮರಗಳ ಸಾಲು.

ಆಲಿವ್ ಎಲೆ ಸಣ್ಣದು, ಉದ್ದನೆಯದು. ಮೇಲ್ಭಾಗ ಹಸಿರು, ಕೆಳಭಾಗ ಬೆಳ್ಳಿಯಂತೆ ಬಿಳಿ. ಎಲೆಗಳು ರೆಂಬೆಯ ಮೇಲೆ ಎದುರು ಬದುರಾಗಿ ಜೋಡಿ ಜೋಡಿಯಾಗಿ ಇರುತ್ತವೆ. ಈ ಜೋಡಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಒಂದು ಎಲೆ ಎರಡು ಮೂರು ವರ್ಷ ಮರದಲ್ಲೇ ಉಳಿಯುತ್ತದೆ. ಹೀಗಾಗಿ ಮರ ಯಾವ ಕಾಲದಲ್ಲೂ ಬೋಳಾಗುವುದಿಲ್ಲ. ಇದನ್ನು ಬೇಲಿಯಾಗಿ ಬೆಳೆಸಲು ಮುಖ್ಯ ಕಾರಣ ಇದೇ.

ಕಾಯಿ ಮೊದಲು ಹಸಿರು, ಬಲಿತ ಮೇಲೆ ನೇರಳೆ ಮಿಶ್ರಿತ ಕಪ್ಪು. ಒಳಗೆ ಒಂದು ಗಟ್ಟಿ ಬೀಜ. ಮರದಿಂದ ಕಿತ್ತು ಹಾಗೆಯೇ ತಿಂದರೆ ತುಂಬಾ ಕಹಿ. ನಾವು ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವಂತೆ ಅಲ್ಲಿಯವರು ಆಲಿವ್ ಕಾಯಿಯನ್ನು ಉಪ್ಪುನೀರಿನಲ್ಲಿ ನೆನೆಹಾಕಿ ಕಹಿ ತೆಗೆದು ತಿನ್ನುತ್ತಾರೆ. ಆದರೆ ಹೆಚ್ಚಿನ ಕಾಯಿ ಹೋಗುವುದು ಗಾಣಕ್ಕೆ. ಸುಮಾರು 5 ಕಿಲೋ ಕಾಯಿಯಿಂದ 1 ಕಿಲೋದಷ್ಟು ಎಣ್ಣೆ ಸಿಗುತ್ತದೆ.

ಕಾಯಿ ಕಚ್ಚುವುದು ಯಾವ ರೆಂಬೆಯಲ್ಲಿ?

ಈಗ ಮುಖ್ಯ ವಿಷಯಕ್ಕೆ ಬರೋಣ. ಆಲಿವ್ ಮರದ ಒಂದು ರೆಂಬೆಯ ಎರಡು ವರ್ಷದ ಕಥೆಯನ್ನು ಕೇಳಿ.

ಮೊದಲನೆಯ ವರ್ಷದ ವಸಂತದಲ್ಲಿ ಅದು ಚಿಗುರಾಗಿ ಹೊರಡುತ್ತದೆ. ಬೇಸಿಗೆಯಲ್ಲಿ ಉದ್ದವಾಗುತ್ತದೆ. ಪ್ರತಿ ಎಲೆಯ ಕಂಕುಳಲ್ಲಿ, ಅಂದರೆ ಎಲೆಯ ತೊಟ್ಟು ರೆಂಬೆಯನ್ನು ಸೇರುವ ಜಾಗದಲ್ಲಿ, ಒಂದು ಪುಟ್ಟ ಮೊಗ್ಗು ಕುಳಿತಿರುತ್ತದೆ. ಇದೇ ಕಂಕುಳ ಮೊಗ್ಗು. ಆ ವರ್ಷ ಅದರಲ್ಲಿ ಹೂವಿಲ್ಲ, ಕಾಯಿಯಿಲ್ಲ. ಆಮೇಲೆ ಚಳಿಗಾಲ ಬರುತ್ತದೆ. ಹಲವು ವಾರಗಳ ಚಳಿ ತಾಗಿದ ಮೇಲೆ ಮೊಗ್ಗುಗಳು ಹೂವಾಗಲು ಸಿದ್ಧವಾಗುತ್ತವೆ. ಎರಡನೆಯ ವರ್ಷದ ವಸಂತದ ಕೊನೆಯಲ್ಲಿ ಸಣ್ಣ ಸಣ್ಣ ಕೆನೆಬಣ್ಣದ ಹೂಗಳ ಗೊಂಚಲು ಅರಳುತ್ತವೆ. ಗಾಳಿಯೇ ಪರಾಗವನ್ನು ಒಯ್ಯುತ್ತದೆ. ಅಕ್ಟೋಬರ್‌ನಿಂದ ಜನವರಿಯವರೆಗೆ ಕೊಯ್ಲು.

ಅಂದರೆ ಈ ವರ್ಷದ ಕಾಯಿ ಬಿಡುವುದು ಹೋದ ವರ್ಷ ಬೆಳೆದ ರೆಂಬೆಯಲ್ಲಿ. ಹೂ ಬಿಟ್ಟ ಆ ಭಾಗದಲ್ಲಿ ಸಾಮಾನ್ಯವಾಗಿ ಮತ್ತೆ ಕಾಯಿ ಬರುವುದಿಲ್ಲ. ಮರ ಪ್ರತಿ ವರ್ಷವೂ ಹೊಸ ರೆಂಬೆ ಬೆಳೆಸುತ್ತಿದ್ದರೆ ಮಾತ್ರ ಮುಂದಿನ ವರ್ಷಕ್ಕೆ ಫಸಲು ಉಂಟು.

ಮಲ್ಲಿಗೆಯ ಲೆಕ್ಕ ಬೇರೆ. ಅದು ಹೂ ಬಿಡುವುದು ಆಗತಾನೆ ಬಂದ ಹೊಸ ಚಿಗುರಿನಲ್ಲಿ. ಆದ್ದರಿಂದ ಚಳಿಗಾಲದಲ್ಲಿ ಗಿಡವನ್ನು ಗಿಡ್ಡವಾಗಿ ಸವರಿದರೆ ನೂರಾರು ಹೊಸ ಚಿಗುರು ಬಂದು ಹೂವಿನ ಸುಗ್ಗಿಯಾಗುತ್ತದೆ. ಆಲಿವ್ ಮರವನ್ನು ಹಾಗೆ ಪೂರ್ತಿ ಸವರಿದರೆ ಏನಾಗುತ್ತದೆ? ಆ ವರ್ಷದ ಫಸಲು ಇದ್ದ ರೆಂಬೆಗಳೆಲ್ಲ ನೆಲಕ್ಕೆ ಬಿದ್ದವು! ನೆಂಟರಾದರೂ ಸ್ವಭಾವ ಬೇರೆ. ಇದನ್ನು ತಿಳಿಯದೆ ಕತ್ತರಿ ಹಿಡಿದರೆ ಒಂದು ವರ್ಷದ ಅನ್ನ ಕೈಬಿಡುತ್ತದೆ. ಕತ್ತರಿಸಿದ ರೆಂಬೆಯನ್ನು ಮತ್ತೆ ಅಂಟಿಸಲು ಸಾಧ್ಯವಿಲ್ಲ.

ತುದಿ ಮೊಗ್ಗಿನ ಯಜಮಾನಿಕೆ

ಕತ್ತರಿಸಿದರೆ ಗಿಡ ದಟ್ಟವಾಗುವುದು ಏಕೆ? ಪ್ರತಿ ರೆಂಬೆಯ ತುದಿಯಲ್ಲೂ ಒಂದು ತುದಿ ಮೊಗ್ಗು ಇರುತ್ತದೆ. ಅದು ಆಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಈ ಆಕ್ಸಿನ್ ರೆಂಬೆಯಲ್ಲಿ ಕೆಳಮುಖವಾಗಿ ಸಾಗುತ್ತದೆ. ಇದು ಇಳಿದು ಬರುತ್ತಿರುವವರೆಗೂ ಕೆಳಗಿನ ಕಂಕುಳ ಮೊಗ್ಗುಗಳು ಚಿಗುರದೆ ನಿದ್ದೆ ಮಾಡುತ್ತವೆ. ತುದಿ ಮೊಗ್ಗು ಮನೆಯ ಯಜಮಾನನಂತೆ, "ನಾನು ಮೊದಲು ಬೆಳೆಯುತ್ತೇನೆ, ನೀವು ಸುಮ್ಮನಿರಿ" ಎನ್ನುವ ಹಾಗೆ! ವಿಜ್ಞಾನಿಗಳು ಇದನ್ನು ತುದಿ ಮೊಗ್ಗಿನ ಪ್ರಾಬಲ್ಯ ಎಂದು ಕರೆಯುತ್ತಾರೆ.

ತುದಿಯನ್ನು ಕತ್ತರಿಸಿದರೆ ಯಜಮಾನಿಕೆ ಮುಗಿಯಿತು. ಕೆಳಗಿನ ಮೊಗ್ಗುಗಳು ಎಚ್ಚರಗೊಳ್ಳುತ್ತವೆ. ಆಲಿವ್ ಎಲೆಗಳು ಜೋಡಿಯಾಗಿ ಇರುತ್ತವೆ ಎಂದು ಹೇಳಿದೆವಲ್ಲ? ಎರಡು ಎಲೆಗೆ ಎರಡು ಕಂಕುಳ ಮೊಗ್ಗು. ಹಾಗಾಗಿ ಒಂದು ತುದಿ ಕತ್ತರಿಸಿದರೆ ಸಾಮಾನ್ಯವಾಗಿ ಎರಡು ಚಿಗುರು ಹೊರಡುತ್ತವೆ. ಆ ಎರಡರ ತುದಿಯನ್ನೂ ಕತ್ತರಿಸಿದರೆ 4. ಮತ್ತೆ ಕತ್ತರಿಸಿದರೆ 8, ಆಮೇಲೆ 16, ಐದನೆಯ ಸಲಕ್ಕೆ 32. ಎಲ್ಲ ಚಿಗುರೂ ಬದುಕುವುದಿಲ್ಲ ನಿಜ. ಆದರೂ ಬೇಲಿ ಗೋಡೆಯಂತೆ ದಟ್ಟವಾಗುವುದು ಈ ಲೆಕ್ಕದಿಂದಲೇ.

ಮಾಡಿ ನೋಡಿ

ಎರಡು ಕುಂಡಗಳಲ್ಲಿ ಒಂದೇ ಎತ್ತರದ ಎರಡು ತುಳಸಿ ಸಸಿಗಳನ್ನು ಬೆಳೆಸಿ. ಮನೆಯಲ್ಲಿ ಪೂಜೆ ಮಾಡುವ ತುಳಸಿ ಬೇಡ, ಬೇರೆ ಸಸಿ ತೆಗೆದುಕೊಳ್ಳಿ. ತುಳಸಿಯ ಎಲೆಗಳೂ ಆಲಿವ್‌ನಂತೆ ಎದುರು ಬದುರಾಗಿರುತ್ತವೆ. ಸಸಿಗಳು ಒಂದು ಗೇಣು ಎತ್ತರ ಬಂದಾಗ ಮೊದಲನೆಯ ಸಸಿಯ ತುದಿ ಕುಡಿಯನ್ನು ಉಗುರಿನಿಂದ ಚಿವುಟಿ. ಎರಡನೆಯದನ್ನು ಮುಟ್ಟಬೇಡಿ. ಎರಡಕ್ಕೂ ಒಂದೇ ಪ್ರಮಾಣದ ನೀರು, ಒಂದೇ ರೀತಿಯ ಬಿಸಿಲು ಸಿಗಲಿ. ಮೂರು ವಾರಗಳವರೆಗೆ ಪ್ರತಿ ಸೋಮವಾರ ಎತ್ತರವನ್ನು ಅಳೆದು, ಕವಲುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯಿರಿ. ಯಾವುದು ಎತ್ತರವಾಯಿತು? ಯಾವುದು ಪೊದೆಯಾಯಿತು?

ಬೆಳಕು ಒಳಗೆ ಹೋಗಬೇಕು

ದಟ್ಟವಾದ ಮರ ನೋಡಲು ಚೆಂದ. ಆದರೆ ಅದರ ಹೊಟ್ಟೆಯೊಳಗೆ ಕತ್ತಲು. ಎಲೆಗಳು ಗಿಡದ ಅಡುಗೆಮನೆ, ಬಿಸಿಲೇ ಅಲ್ಲಿಯ ಉರಿ ಎಂದು ನೀವು ಓದಿದ್ದೀರಿ. ಬಿಸಿಲು ತಲುಪದ ಎಲೆ ಆಹಾರ ತಯಾರಿಸಲಾರದು, ಕೊನೆಗೆ ಉದುರಿಹೋಗುತ್ತದೆ. ನೆರಳಿನ ರೆಂಬೆಗಳಲ್ಲಿ ಹೂಮೊಗ್ಗು ಕಡಿಮೆ. ಅಲ್ಲಿ ಕಾಯಿ ಬಿಟ್ಟರೂ ಸಣ್ಣದು, ಅದರಲ್ಲಿ ಎಣ್ಣೆಯ ಅಂಶವೂ ಕಡಿಮೆ. ದಟ್ಟ ಮರದಲ್ಲಿ ಹೊರಗಿನ ಚಿಪ್ಪು ಮಾತ್ರ ಫಲ ಕೊಡುತ್ತದೆ, ಒಳಗೆಲ್ಲ ಒಣಕಡ್ಡಿ.

ಆದ್ದರಿಂದ ಕಾಯಿಗಾಗಿ ಆಲಿವ್ ಬೆಳೆಸುವವರು ಮರದ ನಡುಭಾಗವನ್ನು ತೆರೆದಿಡುತ್ತಾರೆ. ಕಾಂಡದಿಂದ ಮೂರು ನಾಲ್ಕು ಮುಖ್ಯ ಕೊಂಬೆಗಳನ್ನು ಮಾತ್ರ ಉಳಿಸಿ, ಅವು ಹೊರಮುಖವಾಗಿ ಬೆಳೆಯುವಂತೆ ಮಾಡುತ್ತಾರೆ. ಮರ ಬಾಯ್ದೆರೆದ ಹೂದಾನಿಯಂತೆ ಕಾಣುತ್ತದೆ. ಚೆನ್ನಾಗಿ ಸವರಿದ ಮರದ ನಡುವೆ ಬಾನಾಡಿ ಹಕ್ಕಿಯೊಂದು ರೆಕ್ಕೆ ತಾಗಿಸದೆ ಹಾರಿಹೋಗಬೇಕು ಎಂಬ ಮಾತು ಇಟಲಿಯ ರೈತರಲ್ಲಿ ಇದೆ.

ಅವರು ಏನೇನನ್ನು ತೆಗೆಯುತ್ತಾರೆ? ಮೊದಲು ಒಣಗಿದ, ಮುರಿದ, ರೋಗ ಬಂದ ರೆಂಬೆಗಳು. ಆಮೇಲೆ ಒಂದಕ್ಕೊಂದು ಉಜ್ಜುವ, ಒಳಮುಖವಾಗಿ ಬೆಳೆದ ರೆಂಬೆಗಳು. ನಂತರ ಕೊಂಬೆಯ ಬೆನ್ನಿನಿಂದ ಕೋಲಿನಂತೆ ನೆಟ್ಟಗೆ ಮೇಲೇರುವ ಚಿಗುರುಗಳು. ಇವು ಬೇಗ ಬೇಗ ಬೆಳೆದು ನೀರು ಗೊಬ್ಬರ ತಿನ್ನುತ್ತವೆ, ಕಾಯಿ ಕೊಡುವುದು ಅಪರೂಪ. ಬುಡದಿಂದ ಗುಂಪಾಗಿ ಏಳುವ ಬುಡಚಿಗುರುಗಳನ್ನೂ ತೆಗೆಯುತ್ತಾರೆ. ಬಾಗಿ ತೂಗಾಡುವ ತೆಳು ರೆಂಬೆಗಳನ್ನು ಮಾತ್ರ ಜೋಪಾನವಾಗಿ ಉಳಿಸುತ್ತಾರೆ. ಕಾಯಿ ಕಚ್ಚುವುದು ಅಲ್ಲಿಯೇ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಬೇಲಿ ಕತ್ತರಿಸುವವರು ಎಲ್ಲ ರೆಂಬೆಗಳ ತುದಿ ಕತ್ತರಿಸುತ್ತಾರೆ. ಕಾಯಿಗಾಗಿ ಸವರುವವರು ಕೆಲವೇ ರೆಂಬೆಗಳನ್ನು ಬುಡದಿಂದ ತೆಗೆದು ಉಳಿದವುಗಳ ತುದಿಯನ್ನು ಮುಟ್ಟುವುದಿಲ್ಲ. ಮೊದಲನೆಯದರಿಂದ ದಟ್ಟಣೆ, ಎರಡನೆಯದರಿಂದ ಬೆಳಕು.

ಹಾಗೆಂದು ಅತಿಯಾಗಿ ಕತ್ತರಿಸುವುದೂ ತಪ್ಪು. ಮಣ್ಣಿನೊಳಗಿನ ಬೇರು ಮೊದಲಿನಷ್ಟೇ ದೊಡ್ಡದು, ಮೇಲಿನ ಎಲೆಗಳು ಮಾತ್ರ ಕಡಿಮೆ ಎಂದಾದಾಗ ಮರ ಗಾಬರಿಯಾದಂತೆ ನೆಟ್ಟನೆಯ ಚಿಗುರುಗಳನ್ನು ಕಳಿಸತೊಡಗುತ್ತದೆ. ಕಾಯಿಯ ಬದಲು ಬರೀ ಕೋಲು! ಅದಕ್ಕೆ ಒಂದು ಸಲಕ್ಕೆ ಹಸಿರಿನ ಕಾಲು ಭಾಗದಿಂದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಎಂಬುದು ಸಾಮಾನ್ಯ ಎಚ್ಚರಿಕೆ.

ಸವರುವ ಕಾಲವೂ ಮುಖ್ಯ. ಕೊಯ್ಲು ಮುಗಿದು, ಕಡುಚಳಿ ಕಳೆದು, ಹೂ ಅರಳುವ ಮೊದಲು, ಅಂದರೆ ಸುಮಾರಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸವರುತ್ತಾರೆ. ಚಳಿಗಾಲದ ಮುಂಚೆ ಸವರಿದರೆ ಎಳೆ ಚಿಗುರು ಬಂದು ಹಿಮಕ್ಕೆ ಸಿಕ್ಕಿ ಸುಟ್ಟುಹೋಗುತ್ತದೆ.

ಒಂದು ವರ್ಷ ಹಬ್ಬ, ಮರುವರ್ಷ ಉಪವಾಸ

ನಿಮ್ಮ ಊರಿನ ಮಾವಿನ ಮರ ಒಂದು ವರ್ಷ ಜೋತುಬೀಳುವಷ್ಟು ಕಾಯಿ ಬಿಟ್ಟು, ಮರುವರ್ಷ ಖಾಲಿ ನಿಂತದ್ದನ್ನು ನೋಡಿದ್ದೀರಲ್ಲವೇ? ಆಲಿವ್ ಮರಕ್ಕೂ ಇದೇ ಗುಣ. ಲಕ್ಷಗಟ್ಟಲೆ ಹೂಗಳಲ್ಲಿ ನೂರಕ್ಕೆ ಒಂದೆರಡು ಕಾಯಿಯಾದರೂ ಸಾಕು, ಮರ ತುಂಬುತ್ತದೆ. ಹಾಗೆ ತುಂಬಿದ ವರ್ಷ ಆಹಾರವೆಲ್ಲ ಕಾಯಿಗೆ ಹೋಗುತ್ತದೆ, ಹೊಸ ರೆಂಬೆ ಉದ್ದವಾಗುವುದಿಲ್ಲ. ಬೆಳೆಯುತ್ತಿರುವ ಬೀಜಗಳಿಂದ ಹೊರಡುವ ಹಾರ್ಮೋನುಗಳೂ ಮುಂದಿನ ವರ್ಷದ ಹೂಮೊಗ್ಗನ್ನು ತಡೆಯುತ್ತವೆ. ರೆಂಬೆಯಿಲ್ಲ, ಮೊಗ್ಗಿಲ್ಲ ಎಂದರೆ ಮುಂದಿನ ವರ್ಷ ಕಾಯಿ ಎಲ್ಲಿಂದ ಬರಬೇಕು?

ಸುಮಾರು 2000 ವರ್ಷಗಳ ಹಿಂದೆ ರೋಮ್‌ನಲ್ಲಿ ವಾರೋ ಎಂಬ ಲೇಖಕನಿದ್ದ. ಬೇಸಾಯದ ಬಗ್ಗೆ ಪುಸ್ತಕ ಬರೆದ. ಆಲಿವ್ ಕಾಯಿಯನ್ನು ಕೋಲಿನಿಂದ ಬಡಿದು ಉದುರಿಸಿದರೆ ಎಳೆಯ ರೆಂಬೆಗಳೂ ಮುರಿದು ಬೀಳುತ್ತವೆ, ಮರುವರ್ಷ ಫಸಲು ಕಡಿಮೆಯಾಗಲು ಇದೂ ಒಂದು ಕಾರಣ ಎಂದು ಅವನು ಎಚ್ಚರಿಸಿದ್ದ. ಹಾರ್ಮೋನಿನ ಹೆಸರೂ ಗೊತ್ತಿಲ್ಲದ ಕಾಲದಲ್ಲಿ ಬರೀ ಕಣ್ಣಿನಿಂದ ನೋಡಿ ಕಂಡುಕೊಂಡ ಸತ್ಯ ಅದು!

ಹೆಚ್ಚು ಹೂ ಬರುವ ವರ್ಷದಲ್ಲಿ ಸ್ವಲ್ಪ ಹೆಚ್ಚು ಸವರಿ, ಕಡಿಮೆ ಹೂ ಬರುವ ವರ್ಷದಲ್ಲಿ ಕಡಿಮೆ ಸವರಿದರೆ ಈ ಏರಿಳಿತವನ್ನು ತಕ್ಕಮಟ್ಟಿಗೆ ಸರಿದೂಗಿಸಬಹುದು.

ಮರೆಗಾಗಿ ಸವರುವುದು

ಈಗ ಹಸಿರು ಬೇಲಿಗೆ ಬರೋಣ. ಇಲ್ಲಿ ಬೇಕಾದದ್ದು ಮರೆ. ಬುಡದಿಂದ ತುದಿಯವರೆಗೂ ಎಲೆ ತುಂಬಿರಬೇಕು. ಸಸಿಗಳನ್ನು ಹತ್ತಿರ ಹತ್ತಿರ ನೆಟ್ಟು, ಎಳೆಯದಿರುವಾಗಲೇ ತುದಿ ಕತ್ತರಿಸಿ ಕವಲು ಒಡೆಸುತ್ತಾರೆ. ಕೆಳಗಿನ ರೆಂಬೆಗಳನ್ನು ತೆಗೆಯುವುದಿಲ್ಲ.

ಬೇಲಿಯ ಆಕಾರದಲ್ಲೂ ಒಂದು ಉಪಾಯವಿದೆ. ಮೇಲೆ ಅಗಲ, ಕೆಳಗೆ ಕಿರಿದು ಎಂದಾದರೆ ಮೇಲಿನ ಎಲೆಗಳ ನೆರಳು ಕೆಳಗೆ ಬಿದ್ದು ಬುಡ ಬೋಳಾಗುತ್ತದೆ. ಅದಕ್ಕೆ ಬುಡದಲ್ಲಿ ಸ್ವಲ್ಪ ಅಗಲ, ತಲೆಯಲ್ಲಿ ಸ್ವಲ್ಪ ಕಿರಿದಾಗಿ ಕತ್ತರಿಸಬೇಕು. ಆಗ ಮೇಲಿಂದ ಕೆಳಗಿನವರೆಗೆ ಎಲ್ಲ ಎಲೆಗಳಿಗೂ ಬಿಸಿಲಿನ ಪಾಲು ಸಿಗುತ್ತದೆ.

ಆದರೆ ಪ್ರತಿ ವರ್ಷ ನಾಲ್ಕೂ ಕಡೆ ತುದಿ ಕತ್ತರಿಸಿದರೆ? ಕತ್ತರಿಸಿ ಬಿಸಾಡಿದ್ದೇ ಹೋದ ವರ್ಷದ ರೆಂಬೆಗಳನ್ನು. ಹೂ ಇರಬೇಕಾದದ್ದು ಅವುಗಳಲ್ಲೇ. ಹೀಗಾಗಿ ಅಚ್ಚುಕಟ್ಟಾದ ಬೇಲಿಯಲ್ಲಿ ಕಾಯಿ ಕಾಣುವುದಿಲ್ಲ.

ಎರಡೂ ಬೇಕೆಂದರೆ ದಾರಿ ಇಲ್ಲವೇ? ಇದೆ. ಬೇಲಿಯ ಎರಡು ಬದಿಗಳನ್ನು ಬೇರೆ ಬೇರೆ ವರ್ಷ ಕತ್ತರಿಸಬೇಕು. ಈ ವರ್ಷ ವಸಂತದಲ್ಲಿ ಪೂರ್ವದ ಬದಿಯನ್ನು ಕತ್ತರಿಸಿದಿರಿ ಎನ್ನೋಣ. ಆ ಬದಿಯಲ್ಲಿ ಈ ವರ್ಷ ಕಾಯಿಯಿಲ್ಲ, ಹೊಸ ರೆಂಬೆಗಳು ಬೆಳೆಯುತ್ತವೆ. ಪಶ್ಚಿಮದ ಬದಿಯಲ್ಲಿ ಹಳೆಯ ರೆಂಬೆಗಳು ಕಾಯಿ ಕೊಡುತ್ತವೆ. ಮುಂದಿನ ವರ್ಷ ಪಶ್ಚಿಮಕ್ಕೆ ಕತ್ತರಿ, ಪೂರ್ವದಲ್ಲಿ ಕಾಯಿ. ಬೇಲಿ ಅಳತೆ ಮೀರುವುದಿಲ್ಲ, ಕಾಯಿಯೂ ತಪ್ಪುವುದಿಲ್ಲ. ಮರ ಕೊಡುವುದು ಅರ್ಧ ಫಸಲು ಇರಬಹುದು, ಆದರೆ ಪ್ರತಿ ವರ್ಷವೂ ಕೊಡುತ್ತದೆ.

ಸ್ಪೇನಿನ ಕಾಯಿಬೇಲಿ

ಈ ಉಪಾಯವನ್ನು ದೊಡ್ಡ ತೋಟಗಳಲ್ಲೂ ಬಳಸುತ್ತಾರೆ. 1990ರ ದಶಕದಲ್ಲಿ ಸ್ಪೇನಿನಲ್ಲಿ ಆಲಿವ್ ಮರಗಳನ್ನು ಬೇಲಿಯ ಸಾಲಿನಂತೆ ಒತ್ತೊತ್ತಾಗಿ ನೆಡುವ ಪದ್ಧತಿ ಶುರುವಾಯಿತು. ಅದಕ್ಕೆ ಗಿಡ್ಡವಾಗಿ ಬೆಳೆಯುವ ಅರ್ಬೆಕಿನಾ ಎಂಬ ತಳಿಯನ್ನು ಆರಿಸಿಕೊಂಡರು.

ಒಂದು ಲೆಕ್ಕ ಮಾಡಿ. ಹಳೆಯ ಪದ್ಧತಿಯಲ್ಲಿ ಮರದಿಂದ ಮರಕ್ಕೆ 10 ಮೀಟರ್, ಸಾಲಿನಿಂದ ಸಾಲಿಗೆ 10 ಮೀಟರ್ ಬಿಟ್ಟರೆ ಒಂದು ಮರಕ್ಕೆ 100 ಚದರ ಮೀಟರ್ ಜಾಗ. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಅಲ್ಲಿಗೆ ಹೆಕ್ಟೇರಿಗೆ 100 ಮರ. ಬೇಲಿ ಪದ್ಧತಿಯಲ್ಲಿ ಸಾಲುಗಳ ನಡುವೆ 4 ಮೀಟರ್, ಮರಗಳ ನಡುವೆ 1.5 ಮೀಟರ್ ಬಿಟ್ಟರೆ ಒಂದು ಮರಕ್ಕೆ 6 ಚದರ ಮೀಟರ್ ಮಾತ್ರ. ಹೆಕ್ಟೇರಿಗೆ ಎಷ್ಟು ಮರ ಬಂತು? 1,660ಕ್ಕೂ ಹೆಚ್ಚು!

ದೊಡ್ಡ ಯಂತ್ರವೊಂದು ಸಾಲಿನ ಎರಡೂ ಬದಿಗೆ ಕಾಲಿಟ್ಟಂತೆ, ಮರಗಳ ತಲೆಯ ಮೇಲಿನಿಂದ ಹಾದುಹೋಗುತ್ತ ಕಾಯಿ ಉದುರಿಸಿಕೊಳ್ಳುತ್ತದೆ. ದ್ರಾಕ್ಷಿ ಕೊಯ್ಯಲು ಮಾಡಿದ್ದ ಯಂತ್ರದಿಂದಲೇ ಈ ಯಂತ್ರ ಹುಟ್ಟಿತು. ಮರ ಎತ್ತರವಾದರೆ ಯಂತ್ರ ಹಾದುಹೋಗಲಾರದು. ಅದಕ್ಕೆ ಎತ್ತರವನ್ನು ಸುಮಾರು 2.5ರಿಂದ 3 ಮೀಟರಿಗೆ ಮಿತಿಗೊಳಿಸುತ್ತಾರೆ. ಎರಡು ಬದಿಗಳನ್ನು ಒಂದೊಂದು ವರ್ಷ ಸವರುತ್ತಾರೆ. ಸಾಲುಗಳನ್ನು ಸಾಧ್ಯವಾದಲ್ಲೆಲ್ಲ ಉತ್ತರ ದಕ್ಷಿಣವಾಗಿ ನೆಡುತ್ತಾರೆ. ಏಕೆಂದು ಊಹಿಸಿ! ಬೆಳಿಗ್ಗೆ ಪೂರ್ವದ ಬದಿಗೆ, ಮಧ್ಯಾಹ್ನದ ನಂತರ ಪಶ್ಚಿಮದ ಬದಿಗೆ ಬಿಸಿಲು ಬೀಳಲಿ ಎಂದು.

ಗಾಯವನ್ನು ಮರೆಯಬಾರದು

ಪ್ರತಿ ಕಡಿತವೂ ಮರಕ್ಕೆ ಒಂದು ಗಾಯ. ನಮ್ಮ ಚರ್ಮದಂತೆ ಮರದ ಗಾಯ ಕೂಡಿಕೊಳ್ಳುವುದಿಲ್ಲ. ಸುತ್ತಲಿನಿಂದ ಹೊಸ ತೊಗಟೆ ಬೆಳೆದು ಅದನ್ನು ನಿಧಾನವಾಗಿ ಮುಚ್ಚುತ್ತದೆ. ಕೊಂಬೆ ಕಾಂಡವನ್ನು ಸೇರುವಲ್ಲಿ ಸ್ವಲ್ಪ ಉಬ್ಬಿದ ಉಂಗುರದಂತಹ ಭಾಗವಿರುತ್ತದೆ. ಗಾಯ ಮುಚ್ಚುವ ಕೆಲಸ ಅಲ್ಲಿಂದಲೇ ಆಗಬೇಕು. ಆದ್ದರಿಂದ ಆ ಉಂಗುರಕ್ಕೆ ತಾಗದಂತೆ ಅದರ ಹೊರಗೆ ಕತ್ತರಿಸಬೇಕು. ಉದ್ದನೆಯ ಮೋಟು ಬಿಡಬಾರದು, ಮೋಟು ಕೊಳೆಯುತ್ತದೆ. ಭಾರದ ಕೊಂಬೆಯಾದರೆ ಮೊದಲು ಅಡಿಯಿಂದ ಸ್ವಲ್ಪ ಗರಗಸ ಹಾಕಿ, ಆಮೇಲೆ ಮೇಲಿನಿಂದ ಕತ್ತರಿಸುತ್ತಾರೆ. ಇಲ್ಲವಾದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೇ ಸಿಗಿದುಕೊಂಡು ಹೋಗುತ್ತದೆ.

ಆಲಿವ್ ಮರಕ್ಕೆ ಗಂಟುರೋಗ ತರುವ ಒಂದು ಬ್ಯಾಕ್ಟೀರಿಯಾ ಇದೆ. ಅದು ಗಾಯದ ಮೂಲಕ ಒಳಸೇರಿ ರೆಂಬೆಗಳ ಮೇಲೆ ಗಂಟುಗಳನ್ನು ಎಬ್ಬಿಸುತ್ತದೆ. ಮಳೆನೀರಿನಲ್ಲಿ, ಕೊಳಕು ಕತ್ತರಿಯಲ್ಲಿ ಅದು ಮರದಿಂದ ಮರಕ್ಕೆ ಹರಡುತ್ತದೆ. ಅದಕ್ಕೆ ಒಣ ಹವೆಯಲ್ಲಿ ಸವರುವುದು, ರೋಗದ ಮರವನ್ನು ಕೊನೆಯಲ್ಲಿ ಸವರುವುದು, ಕತ್ತರಿ ಗರಗಸಗಳನ್ನು ಸ್ಪಿರಿಟ್‌ನಿಂದ ಒರೆಸುವುದು ರೂಢಿ. ಆಸ್ಪತ್ರೆಯಲ್ಲಿ ಚುಚ್ಚುಮದ್ದಿನ ಸೂಜಿಯ ವಿಷಯದಲ್ಲಿ ವಹಿಸುವ ಎಚ್ಚರವೇ ಇಲ್ಲಿಯೂ ಬೇಕು.

ಹಿಮ ಬಂದ ವರ್ಷಗಳು

ಆಲಿವ್ ಮರಕ್ಕೆ ಚಳಿ ಬೇಕು, ಆದರೆ ಅತಿಯಾದ ಚಳಿ ಅದನ್ನು ಕೊಲ್ಲುತ್ತದೆ. 1956ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ಹೀಗೆಯೇ ಆಯಿತು. ಜನವರಿ ಬೆಚ್ಚಗಿತ್ತು, ಮರಗಳಲ್ಲಿ ರಸ ಹರಿಯತೊಡಗಿತ್ತು. ಫೆಬ್ರವರಿಯಲ್ಲಿ ಇದ್ದಕ್ಕಿದ್ದಂತೆ ಉಷ್ಣಾಂಶ ಶೂನ್ಯಕ್ಕಿಂತ ಬಹಳ ಕೆಳಗೆ ಇಳಿಯಿತು. ರಸ ಹೆಪ್ಪುಗಟ್ಟಿ ಕಾಂಡಗಳು ಬಿರಿದವು. ಲಕ್ಷಾಂತರ ಮರಗಳು ಒಣಗಿದವು. 1985ರ ಜನವರಿಯಲ್ಲಿ ಇಟಲಿಯ ಟಸ್ಕನಿ ಪ್ರಾಂತದಲ್ಲೂ ಇಂಥದ್ದೇ ಹೊಡೆತ ಬಿತ್ತು. ಅಲ್ಲಿನ ಫ್ಲಾರೆನ್ಸ್ ನಗರದ ಬಳಿ ಉಷ್ಣಾಂಶ ಶೂನ್ಯಕ್ಕಿಂತ 20 ಡಿಗ್ರಿಗೂ ಕೆಳಗೆ ಹೋಗಿತ್ತು.

ಅಜ್ಜ ಮುತ್ತಜ್ಜರ ಕಾಲದ ಮರಗಳು ಕಣ್ಣೆದುರೇ ಸತ್ತಂತೆ ನಿಂತಾಗ ಆ ರೈತರ ಪಾಡು ಹೇಗಿದ್ದೀತು? ಕೆಲವರು ಆಲಿವ್ ಬೇಸಾಯವನ್ನೇ ಬಿಟ್ಟರು. ಉಳಿದವರು ಮರಗಳನ್ನು ನೆಲಮಟ್ಟಕ್ಕೆ ಕಡಿದು ಕಾದರು. ಆಲಿವ್ ಮರದ ಬುಡ ದಪ್ಪಗೆ ಉಬ್ಬಿರುತ್ತದೆ. ಅದರಲ್ಲಿ ಆಹಾರದ ಸಂಗ್ರಹವೂ ನಿದ್ರಿಸುವ ಮೊಗ್ಗುಗಳೂ ಇರುತ್ತವೆ. ಮಣ್ಣಿನ ಹೊದಿಕೆಯಿಂದ ಬುಡ ಬದುಕಿತ್ತು. ಮೇಲಿನ ಯಜಮಾನಿಕೆ ಹೋದದ್ದರಿಂದ ಆ ಮೊಗ್ಗುಗಳು ಗುಂಪು ಗುಂಪಾಗಿ ಚಿಗುರಿದವು. ಪ್ರತಿ ವರ್ಷ ಬೇಡವೆಂದು ಕಿತ್ತು ಎಸೆಯುತ್ತಿದ್ದ ಬುಡಚಿಗುರುಗಳೇ ಈಗ ತೋಟವನ್ನು ಉಳಿಸಿದವು!

ರೈತರು ಅವುಗಳಲ್ಲಿ ಗಟ್ಟಿಯಾದ ಎರಡು ಮೂರನ್ನು ಆರಿಸಿ ಉಳಿದದ್ದನ್ನು ತೆಗೆದರು. ಮತ್ತೆ ಕಾಯಿ ಕಾಣಲು ಹಲವು ವರ್ಷ ಕಾಯಬೇಕಾಯಿತು. ಈಗಲೂ ಆ ಸೀಮೆಯ ಅನೇಕ ಆಲಿವ್ ಮರಗಳಿಗೆ ಒಂದೇ ಬುಡದಿಂದ ಎದ್ದ ಎರಡು ಮೂರು ಕಾಂಡಗಳಿವೆ. ಅವು ಹಿಮದ ವರ್ಷದ ಗುರುತು. ಗ್ರೀಸಿನ ಕ್ರೀಟ್ ದ್ವೀಪದ ವೂವೆಸ್ ಎಂಬ ಹಳ್ಳಿಯಲ್ಲಿ 2000 ವರ್ಷಕ್ಕೂ ಹಳೆಯದೆಂದು ಅಂದಾಜಿಸಿರುವ ಆಲಿವ್ ಮರವೊಂದಿದೆ. ಅದು ಈಗಲೂ ಕಾಯಿ ಬಿಡುತ್ತದೆ. ಇಷ್ಟು ದೀರ್ಘ ಆಯುಸ್ಸಿಗೆ ಮತ್ತೆ ಮತ್ತೆ ಚಿಗುರುವ ಈ ಶಕ್ತಿಯೂ ಒಂದು ಕಾರಣ.

ನಮ್ಮಲ್ಲಿ ಏನು?

ನಮ್ಮ ದೇಶದ ರಾಜಸ್ಥಾನದಲ್ಲಿ 2007-08ರ ಸುಮಾರಿಗೆ ಇಸ್ರೇಲ್ ದೇಶದ ನೆರವಿನಿಂದ ಆಲಿವ್ ಸಸಿಗಳನ್ನು ನೆಟ್ಟರು. ಅಲ್ಲಿ ಚಳಿಗಾಲದ ರಾತ್ರಿಗಳು ತಂಪು. ಕರ್ನಾಟಕದ ಬಯಲುಸೀಮೆಯ ಚಳಿ ಆಲಿವ್ ಹೂ ಬಿಡಲು ಸಾಮಾನ್ಯವಾಗಿ ಸಾಲದು. ಮರ ಬೆಳೆದೀತು, ಕಾಯಿ ಸಿಗುವುದು ಕಷ್ಟ.

ಆದರೆ ಆಲಿವ್ ಕಲಿಸಿದ ಪಾಠ ನಮ್ಮ ಗಿಡಗಳಿಗೂ ಉಪಯೋಗಕ್ಕೆ ಬರುತ್ತದೆ. ಕತ್ತರಿ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಗಿಡ ಹೂ ಬಿಡುವುದು ಯಾವ ರೆಂಬೆಯಲ್ಲಿ?

ದಾಸವಾಳ, ಮಲ್ಲಿಗೆ, ಸೀಬೆ: ಹೊಸ ಚಿಗುರಿನಲ್ಲಿ. ಸವರಿದ ಮೇಲೆ ಚಿಗುರು ಬೆಳೆಯಲು ಬಿಡಬೇಕು. ದಾಸವಾಳದ ಬೇಲಿಯಲ್ಲಿ ಹೂ ಕಡಿಮೆಯಾಗಲು ಕಾರಣ ಈಗ ತಿಳಿಯಿತೇ? ಮೊಗ್ಗು ಮೂಡುವ ಮೊದಲೇ ಹೊಸ ಚಿಗುರು ಕತ್ತರಿಗೆ ಸಿಗುತ್ತದೆ.

ಮಾವು: ಬಲಿತ ರೆಂಬೆಯ ತುದಿಯಲ್ಲಿ. ಹೂ ಬಿಡುವ ಕಾಲದ ಹತ್ತಿರ ತುದಿ ಕತ್ತರಿಸಿದರೆ ಹೂ ಹೋಯಿತು. ಕೊಯ್ಲಾದ ಕೂಡಲೇ ಸವರಬೇಕು.

ದ್ರಾಕ್ಷಿ: ವಿಜಯಪುರ, ಬಾಗಲಕೋಟೆ ಕಡೆಯ ರೈತರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ. ಏಪ್ರಿಲ್ ಚಾಟ್ನಿ ಹೊಸ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಆ ಕಡ್ಡಿಯಿಂದ ಗೊಂಚಲು ಪಡೆಯಲು.

ಮುಂದಿನ ಸಲ ಯಾರಾದರೂ ಗಿಡ ಸವರುವುದನ್ನು ಕಂಡರೆ ಹತ್ತಿರ ಹೋಗಿ ವಿಚಾರಿಸಿ. ಯಾವ ರೆಂಬೆಯನ್ನು ತೆಗೆದರು, ಯಾವುದನ್ನು ಬಿಟ್ಟರು, ಏಕೆ ಎಂದು ಕೇಳಿ. ನೀವೇ ಸವರಬೇಕೆಂದರೆ ಹಿರಿಯರ ಜೊತೆಯಿದ್ದೇ ಮಾಡಿ. ಕತ್ತರಿ, ಮಚ್ಚು ಹರಿತವಾಗಿರುತ್ತವೆ.

ಯೋಚಿಸಿ, ಉತ್ತರಿಸಿ

1. ಆಲಿವ್ ಮತ್ತು ಮಲ್ಲಿಗೆ ಒಂದೇ ಕುಟುಂಬದವು. ಆದರೂ ಎರಡನ್ನೂ ಒಂದೇ ರೀತಿ ಸವರಬಾರದು. ಏಕೆ?

2. ತುದಿ ಕತ್ತರಿಸಿದ ಆಲಿವ್ ರೆಂಬೆಯಿಂದ ಎರಡು ಚಿಗುರು ಬಂದವು. ಹೀಗೆ ಆರು ಸಲ ಕತ್ತರಿಸಿದರೆ, ಎಲ್ಲ ಚಿಗುರೂ ಬದುಕಿದರೆ, ಒಟ್ಟು ಎಷ್ಟು ತುದಿಗಳಾಗುತ್ತವೆ?

3. ನಿಮ್ಮ ಶಾಲೆಯ ಬಳಿಯ ಎರಡು ಮರಗಳ ಕೆಳಗೆ ಮಧ್ಯಾಹ್ನ ನಿಂತು ನೆಲದ ಮೇಲಿನ ನೆರಳನ್ನು ನೋಡಿ. ಯಾವುದರ ನೆರಳಿನಲ್ಲಿ ಬಿಸಿಲಿನ ಚುಕ್ಕೆಗಳು ಹೆಚ್ಚು? ಯಾವ ಮರದ ಒಳರೆಂಬೆಗಳಲ್ಲಿ ಎಲೆಗಳು ಹೆಚ್ಚಾಗಿವೆ? ಇವೆರಡಕ್ಕೂ ಸಂಬಂಧವಿದೆಯೇ?